ಪಟ್ಟಿ ಬರೆದವರ ಮಂಗಳೂರು

(ಮಂಗಳೂರಿನ ಓದುಗರ ಕೂಟವೊಂದರಲ್ಲಿ ‘ಪರದೇಶದವರ ಕಣ್ಣಿನಲ್ಲಿ ನಮ್ಮೂರು’ ಎಂಬ ವಿಷಯವಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಅತ್ತಿತ್ತ ಹರಿದದ್ದನ್ನು ಇಲ್ಲಿ ತುಸು ಬಿಗಿಗೊಳಿಸಿದ್ದೇನೆ.)

ಮಾನ್ಯರೇ,

ಹೊರದೇಶದಿಂದ ಬಂದು ಮಂಗಳೂರಿನಲ್ಲಿ ಕೆಲಕಾಲ ಇರುವವರು ಮೊದಲ ದಿನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕಡಲು ಎಲ್ಲಿದೆ? ನಮಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಊರ ನಡುವಿನ ಹಂಪನಕಟ್ಟೆಯಲ್ಲಿ ಕಡಲು ಕಾಣುವುದಿಲ್ಲ. ಬಂದರಿನ ದಕ್ಕೆಗೆ ಇಳಿದು ಹೋದರೂ ಎದುರಿಗೆ ಸಿಗುವುದು ಗುರುಪುರ ನದಿ, ಅದರಾಚೆ ಬೆಂಗ್ರೆಯ ತೆಂಗಿನ ಸಾಲು. ಕಡಲು ಆ ಸಾಲಿನ ಬೆನ್ನ ಹಿಂದೆ ಅಡಗಿರುತ್ತದೆ. ತೆಂಕಣಕ್ಕೆ ನಡೆದರೆ ನೇತ್ರಾವತಿ ಅಡ್ಡ ಬರುತ್ತದೆ. ಈ ಎರಡು ನದಿಗಳು ಕೂಡಿ ಕಡಲಿಗೆ ಬೀಳುವ ಅಳಿವೆಯ ಒಳಮಗ್ಗುಲಲ್ಲಿ, ಅಲೆಗೆ ಮೈಯೊಡ್ಡದೆ, ಬೆಳೆದ ಊರು ನಮ್ಮದು. ಅಲೆಯನ್ನು ನೋಡಬೇಕೆಂದರೆ ನಾವು ಕೂಡ ಬಸ್ಸು ಹತ್ತಿ ಪಣಂಬೂರಿಗೋ ಸೋಮೇಶ್ವರಕ್ಕೋ ಹೋಗುತ್ತೇವೆ.

ಹಾಗಿದ್ದರೂ ಒಂದೆರಡು ತಿಂಗಳು ಇಲ್ಲಿ ಮನೆ ಮಾಡಿದವರು ಆ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ಕಿಟಕಿಯ ಸರಳಿಗೆ ಬಳಿದ ಬಣ್ಣ ವರ್ಷ ಕಳೆಯುವುದರೊಳಗೆ ಹಪ್ಪಳ ಎದ್ದು ಒಳಗಿನಿಂದ ತುಕ್ಕು ಇಣುಕುವಾಗ, ಉಪ್ಪಿನ ಭರಣಿಯಲ್ಲಿ ಉಪ್ಪು ತಾನಾಗಿ ನೀರು ಬಿಡುವಾಗ, ಎರಡು ದಿನ ಒಣಗಿಸಿದ ಅಂಗಿ ತೊಟ್ಟರೂ ಬೆನ್ನಿಗೆ ತಂಪು ತಾಗುವಾಗ, ಕಡಲು ಎಲ್ಲಿದೆ ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನೇ. ನಮ್ಮ ಊರಿನ ಬಗ್ಗೆ ಪರದೇಶದವರು ಬರೆದದ್ದನ್ನು ನಾವು ಸಮಾರಂಭಗಳಲ್ಲಿ ಬಹಳ ಅಭಿಮಾನದಿಂದ ಉದ್ಧರಿಸುತ್ತೇವೆ, ಮುಖ್ಯವಾಗಿ ಹೊಗಳಿಕೆಯನ್ನು. ಆದರೆ ಹಾಗೆ ಉದ್ಧರಿಸಲ್ಪಡುವವರಲ್ಲಿ ಹೆಚ್ಚಿನವರು ಇಲ್ಲಿ ಹಾದುಹೋದವರು. ಹಾದುಹೋದವರು ಬೆರಗನ್ನು ಬರೆದರು. ಇಲ್ಲಿ ಒಲೆ ಹೂಡಿ ಮಳೆಗಾಲ ಕಳೆದವರು ಬಿಟ್ಟುಹೋದದ್ದು ಹೆಚ್ಚಾಗಿ ಪಟ್ಟಿಗಳನ್ನು: ಸಾಮಾನಿನ ಪಟ್ಟಿ, ಕೂಲಿಯ ಪಟ್ಟಿ, ಪದಗಳ ಪಟ್ಟಿ. ಊರನ್ನು ತಿಳಿಯಲು ನನಗೆ ಈ ಪಟ್ಟಿಗಳೇ ಹೆಚ್ಚು ಒದಗಿವೆ.

ಮೊದಲು ಹಾದುಹೋದವರ ಮಾತು. ಮೊರಾಕ್ಕೊದ ಇಬ್ನ್ ಬತೂತ 1342ರ ಸುಮಾರಿಗೆ ಹೊನ್ನಾವರ, ಬಾರಕೂರುಗಳ ದಾರಿಯಾಗಿ ಹಡಗಿನಲ್ಲಿ ಇಲ್ಲಿಗೆ ಬಂದ. ಅವನ ಬಾಯಲ್ಲಿ ನಮ್ಮೂರು ‘ಮಂಜರೂರ್’. ಪಾರಸಿಕ ಮತ್ತು ಯೆಮೆನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಹೇರಳವಾಗಿವೆ, ಸುಮಾರು 4,000 ಮುಸಲ್ಮಾನರು ಊರ ಮಗ್ಗುಲಿನ ಕೇರಿಯಲ್ಲಿದ್ದಾರೆ, ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತದೆ, ವರ್ತಕರಿಲ್ಲದೆ ನಡೆಯದ ಕಾರಣ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಾನೆ ಎಂದು ಬರೆದಿದ್ದಾನೆ. ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸುವ ತನಕ ತಾವು ಕೆಳಗೆ ಇಳಿಯಲಿಲ್ಲವೆಂದೂ, ಇಳಿದ ಮೇಲೆ ಮೂರು ದಿನ ಆದರಾತಿಥ್ಯ ಪಡೆದೆವೆಂದೂ ಹೇಳುತ್ತಾನೆ. ಮೂರು ದಿನದಲ್ಲಿ ಇಷ್ಟನ್ನು ಕಂಡದ್ದು ಸಾಮಾನ್ಯವಲ್ಲ, ನಿಜ. ಆದರೆ ಆ ಕೇರಿಯಲ್ಲಿ ಮನೆಯೊಳಗೆ ಯಾವ ಮಾತು ನಡೆಯುತ್ತಿತ್ತು, ಬೆಳಗ್ಗೆ ಏನು ಉಣ್ಣುತ್ತಿದ್ದರು ಎಂಬುದು ಅವನಿಗೆ ತಿಳಿಯುವ ಹೊತ್ತಿಗೆ ಹಡಗು ಮುಂದಕ್ಕೆ ಹೊರಟಿತ್ತು.

ಇಟಲಿಯ ಪಿಯೆತ್ರೊ ದೆಲ್ಲ ವಾಲೆ 1623ರ ಕೊನೆಯಲ್ಲಿ ಬಂದವನು. ಹಾದುಹೋದವರಲ್ಲಿ ನನಗೆ ಇವನು ಅಚ್ಚುಮೆಚ್ಚು, ಏಕೆಂದರೆ ತನ್ನ ಬೆರಗು ತಪ್ಪಾಗಿತ್ತೆಂದು ಅದೇ ಪುಟದಲ್ಲಿ ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಅವನಲ್ಲಿದೆ. ಉಳ್ಳಾಲದ ರಾಣಿಯನ್ನು ಕಾಣಲೆಂದು ಅವನು ಮಣೇಲಿಗೆ ಹೋದಾಗ ರಾಣಿ ಅರಮನೆಯ ಚಾವಡಿಯಲ್ಲಿ ಸಿಂಹಾಸನದ ಮೇಲೆ ಕೂತಿರಲಿಲ್ಲ. ಅಗೆಯಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸಾದಾ ಹತ್ತಿಯ ಬಟ್ಟೆ, ತಲೆಯ ಮೇಲೆ ಸೇವಕರು ಹಿಡಿದ ಓಲೆಯ ಕೊಡೆ. ನೋಟಕ್ಕೆ ರಾಣಿಯೆನ್ನುವುದಕ್ಕಿಂತ ಅಡುಗೆಮನೆಯ ಆಳಿನಂತೆಯೋ ಬಟ್ಟೆ ಒಗೆಯುವವಳಂತೆಯೋ ಕಂಡಳೆಂದು ಬರೆಯುತ್ತಾನೆ, ಯುರೋಪಿನಲ್ಲಿ ಅಷ್ಟು ದೊಡ್ಡದೆನಿಸಿದ ಸ್ಪೇನಿನ ದೊರೆಯ ಸೈನ್ಯವನ್ನು ಇಲ್ಲಿ ಸೋಲಿಸಿದವರು ಇವರೇ ಎಂದು ಮನಸ್ಸಿನಲ್ಲೇ ಅಚ್ಚರಿಪಡುತ್ತಾನೆ. ಮರುಕ್ಷಣವೇ, ಮಾತಿಗೆ ತೊಡಗಿದಾಗ ಅವಳ ಯೋಗ್ಯತೆ ತಿಳಿಯಿತು ಎಂದು ಸೇರಿಸುತ್ತಾನೆ. ಅವನು ನೋಡಿದ್ದು ಕಾಲುವೆಯ ಮೇಲ್ವಿಚಾರಣೆ; ತುಳುನಾಡಿನ ಗುತ್ತಿನ ಮನೆಗಳ, ಅಂದರೆ ಹಿರಿಯ ಜಮೀನುದಾರ ಮನೆತನಗಳ, ಹೆಂಗಸರು ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ನಿಂತು ಮಾಡುತ್ತ ಬಂದ ಕೆಲಸವೇ ಅದು. ಇಲ್ಲಿ ಒಂದು ಬೇಸಾಯದ ಹಂಗಾಮು ಕಳೆದಿದ್ದರೆ ಅವನಿಗೆ ಅಚ್ಚರಿ ಆಗುತ್ತಿರಲಿಲ್ಲ, ಆಗ ನಮಗೆ ಈ ಪುಟವೂ ಸಿಗುತ್ತಿರಲಿಲ್ಲ. ಬೆರಗಿಗೂ ಅದರ ಉಪಯೋಗವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಬಾಳಿದವರು. ಇವರಲ್ಲಿ ನಮಗೆ ವಿವರವಾಗಿ ಗೊತ್ತಿರುವ ಮೊದಲಿಗ ಇಬ್ನ್ ಬತೂತನಿಗಿಂತ ಇನ್ನೂರು ವರ್ಷ ಹಿಂದಿನವನು. ಟ್ಯುನೀಶಿಯಾದ ಮಹ್ದಿಯಾ ಎಂಬಲ್ಲಿಂದ ಏಡನ್ ಮಾರ್ಗವಾಗಿ ಬಂದ ಯಹೂದಿ ವರ್ತಕ, ಅಬ್ರಹಾಂ ಬೆನ್ ಯಿಜು. 1132ರಲ್ಲಿ ಅವನು ಮಂಗಳೂರಿನಲ್ಲಿದ್ದ, 1149ರಲ್ಲಿ ಎರಡು ಮಕ್ಕಳೊಡನೆ ಏಡನ್‌ಗೆ ಮರಳಿದ. ಅವನು ಪ್ರವಾಸ ಕಥನ ಬರೆಯಲಿಲ್ಲ. ಅವನ ಬದುಕು ನಮಗೆ ತಿಳಿದದ್ದು ಒಂದು ಧಾರ್ಮಿಕ ಕಟ್ಟಳೆಯ ದೆಸೆಯಿಂದ. ದೇವರ ಹೆಸರು ಇರಬಹುದಾದ ಯಾವ ಕಾಗದವನ್ನೂ ನಾಶ ಮಾಡಬಾರದೆಂದು ಹಳೆಯ ಕೈರೋದ ಯಹೂದಿಗಳು ತಮ್ಮ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಎಲ್ಲ ಹಳೆಯ ಬರಹಗಳನ್ನೂ ಹಾಕುತ್ತ ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ರಾಶಿಯ ಬಹುಭಾಗ ಕೇಂಬ್ರಿಜ್ ಸೇರಿತು. ಅದರೊಳಗೆ, ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಕಾಗದಗಳ ನಡುವೆ, ಮಂಗಳೂರಿನ ಒಬ್ಬ ವ್ಯಾಪಾರಿಯ ಮನೆಯ ಸಂಗತಿಗಳಿದ್ದವು.

ಆ ಕಾಗದಗಳನ್ನು ಓದಿದರೆ ಅವನ ಕಷ್ಟಸುಖ ಸಾಮಾನಿನ ಪಟ್ಟಿಯಿಂದಲೇ ತಿಳಿಯುತ್ತದೆ. ಇಲ್ಲಿಂದ ಅವನು ಕಳುಹಿಸುತ್ತಿದ್ದುದು ಕರಿಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ. ಅವನಿಗೆ ಇಲ್ಲಿ ಒಂದು ಕಂಚಿನ ಕಮ್ಮಟವೂ ಇತ್ತು; ಏಡನ್‌ನ ಗೆಳೆಯರು ಒಡಕು ತಾಮ್ರ, ಮುರಿದ ಪಾತ್ರೆಗಳನ್ನು ಹಡಗಿಗೆ ಹೇರಿ, ಇದನ್ನು ಕರಗಿಸಿ ಇಂಥ ಆಕಾರದ ಬಟ್ಟಲು, ಇಂಥ ದೀಪ ಮಾಡಿಸಿ ಕಳುಹಿಸು ಎಂದು ಬರೆಯುತ್ತಿದ್ದರು. ನೋಡಿ, ಆ ಕಾಲಕ್ಕಾಗಲೇ ಕದ್ರಿಯ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಸ್ಥಾಪನೆಯಾಗಿ, ಅದರ ಶಾಸನದ ಪ್ರಕಾರ ಕ್ರಿ.ಶ. 968ರಿಂದ ಲೆಕ್ಕ ಹಾಕಿದರೆ, ನೂರಾರವತ್ತು ವರ್ಷ ದಾಟಿತ್ತು. ಲೋಹ ಬಲ್ಲ ಕೈಗಳಿರುವ ಕರಾವಳಿಗೆ ಅವನು ಬಂದು ಸೇರಿದ್ದ. ಅತ್ತಣಿಂದ ಅವನಿಗೆ ಬರುತ್ತಿದ್ದುದು ಸಕ್ಕರೆ, ಒಣದ್ರಾಕ್ಷಿ, ಎಲ್ಲಕ್ಕಿಂತ ಮುಖ್ಯವಾಗಿ ಕಾಗದ. ನಾವೆಲ್ಲ ತಾಳೆಯೋಲೆಯ ಮೇಲೆ ಕಂಟವೆಂಬ ಲೋಹದ ಮೊನೆಗಡ್ಡಿಯಿಂದ ಗೀರುತ್ತಿದ್ದ ಕಾಲದಲ್ಲಿ ಶಾಯಿಯಲ್ಲಿ ಬರೆದು ರೂಢಿಯಾದ ಮನುಷ್ಯನಿಗೆ ಕಾಗದವಿಲ್ಲದೆ ಕೈಕಟ್ಟಿದಂತಾಗುತ್ತಿತ್ತೆಂದು ತೋರುತ್ತದೆ. ಅದಕ್ಕೇ ಅವನು ಒಂದು ಹಾಳೆಯನ್ನೂ ಹಾಳು ಮಾಡಲಿಲ್ಲ. ತನಗೆ ಬಂದ ಪತ್ರಗಳ ಖಾಲಿ ಹಿಂಬದಿಯಲ್ಲಿ ಲೆಕ್ಕ ಬರೆದ, ಕವಿತೆಯನ್ನೂ ಬರೆದ.

ಅವನ ಮನೆಯಲ್ಲಿ ಊರವರೂ ಇದ್ದರು. ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರಕ್ಕೆ 1132ರ ಅಕ್ಟೋಬರ್ 17ರ ದಿನಾಂಕವಿದೆ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ತಿಳಿಯುತ್ತಾರೆ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರುತ್ತಿದ್ದ ಆಳೊಬ್ಬನ ಹೆಸರು ಪತ್ರಗಳಲ್ಲಿ ಸ್ವರವಿಲ್ಲದ ಮೂರಕ್ಷರಗಳಾಗಿ ಉಳಿದಿದೆ. ಅದು ನಮ್ಮ ‘ಬೊಮ್ಮ’ ಇರಬೇಕೆಂಬ ಊಹೆ ನನಗಂತೂ ಒಪ್ಪಿಗೆಯಾಗಿದೆ. ದೂರದ ಗೆಳೆಯರು ಪತ್ರದ ಕೊನೆಗೆ ಅವನಿಗೂ ನಮಸ್ಕಾರ ತಿಳಿಸುತ್ತಿದ್ದರು. ಆದರೆ ಆಶು ಏನು ಹೇಳಿದಳೆಂಬುದು ಎಲ್ಲಿಯೂ ಇಲ್ಲ. ಪಟ್ಟಿಗಳ ದೋಷವೆಂದರೆ ಇದೇ. ಬರೆದವನ ಕೈ ಯಾವುದನ್ನು ಎಣಿಸಿತೋ ಅಷ್ಟೇ ಅದರಲ್ಲಿರುತ್ತದೆ.

ಇಲ್ಲಿ ನನ್ನ ವಾದಕ್ಕೆ ಒಂದು ಅಪವಾದವನ್ನು ನಾನೇ ಹೇಳಿಬಿಡಬೇಕು. ಟಿಪ್ಪು ಮಡಿದ ಮೇಲೆ ಕಂಪನಿ ಸರಕಾರದ ಅಪ್ಪಣೆಯಂತೆ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ 1801ರಲ್ಲಿ ಇಲ್ಲಿ ಹಾದುಹೋದವನೇ, ಆದರೂ ಬರೆದದ್ದು ಪಟ್ಟಿಯನ್ನೇ: ಭತ್ತದ ಬೆಳೆ, ತೆಂಗು, ಉಪ್ಪು, ಗೇಣಿ. ಉಪಯುಕ್ತ ದಾಖಲೆ, ಸಂಶಯವಿಲ್ಲ. ಆದರೆ ಅದು ಧಣಿ ಜಾಗ ನೋಡಲು ಬಂದಾಗ ಬರೆಸುವ ಪಟ್ಟಿ, ಒಕ್ಕಲು ಕೂತವನ ಪಟ್ಟಿಯಲ್ಲ.

1834ರ ಅಕ್ಟೋಬರ್ 30ರಂದು ಬಾಸೆಲ್ ಮಿಶನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಇಲ್ಲಿಗೆ ಬಂದರು. ಅವರು ಮತಪ್ರಚಾರಕ್ಕೆ ಬಂದವರು; ನಮ್ಮ ಭೂತಾರಾಧನೆಯನ್ನು ಅವರೂ, ಮುಂದೆ ಇಲ್ಲಿ ಅಧಿಕಾರ ನಡೆಸಿದ ಇಂಗ್ಲಿಷ್ ನ್ಯಾಯಾಧೀಶರೂ ‘ಪಿಶಾಚಿ ಪೂಜೆ’ ಎಂದೇ ಕರೆದರು. ಆ ಮಾತು ಆಗಲೂ ತಪ್ಪು, ಈಗಲೂ ತಪ್ಪು. ಮನೆಯ ಹಿರಿಯನಂತೆ ಮುಂದೆ ನಿಂತು ನ್ಯಾಯ ಹೇಳುವ ದೈವಕ್ಕೆ ಆ ಹೆಸರು ಹೊಂದುವುದೇ ಇಲ್ಲ. ಆದರೆ ವಿಚಿತ್ರ ನೋಡಿ, ತಿರಸ್ಕಾರವಿದ್ದರೂ ಅವರಿಗೆ ಪದಗಳು ಬೇಕಾದವು. ಪದಗಳು ಬೇಕೆಂದಾದ ಮೇಲೆ ಪದಗಳು ಇರುವಲ್ಲಿಗೆ, ಅಂದರೆ ಗದ್ದೆಗೂ ಗುಡಿಯ ಅಂಗಳಕ್ಕೂ ಹೋಗಿ ಕೂರಬೇಕಾಯಿತು. ಅದೇ ಮಿಶನ್ನಿನ ಆಗಸ್ಟ್ ಮೆನ್ನರ್ ಪಾಡ್ದನಗಳೆಂಬ ತುಳು ಕಥನಗೀತೆಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು, 1886ರಲ್ಲಿ ತುಳು ನಿಘಂಟನ್ನು ಹೊರತಂದರು. ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತೆಗೆದದ್ದು ಎಲ್ಲರಿಗೂ ತಿಳಿದದ್ದೇ. ಕಿಟ್ಟೆಲ್ ಅವರ ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನಲ್ಲಿಯೇ. ಪರದೇಶದವನು ಒಂದು ಊರಿನಲ್ಲಿ ಬಾಳಿದ್ದಕ್ಕೆ ನಿಘಂಟಿಗಿಂತ ದೊಡ್ಡ ಸಾಕ್ಷಿ ಇರಲಾರದು. ಬೆರಗಿನವನಿಗೆ ‘ಮಳೆ’ ಎಂಬ ಒಂದು ಪದ ಸಾಕು. ನಿಘಂಟಿನವನಿಗೆ ಸೋನೆ, ಜಡಿ, ಹನಿ, ಇರಿಚಲು, ಎಲ್ಲವೂ ಬೇಕು, ಪ್ರತಿಯೊಂದಕ್ಕೂ ಯಾರನ್ನಾದರೂ ಕೇಳಬೇಕು.

ಅವರಲ್ಲೇ ಇನ್ನೊಬ್ಬರು ಮಳೆಗೆ ಪದದಲ್ಲಲ್ಲ, ಮಣ್ಣಿನಲ್ಲಿ ಉತ್ತರ ಕೊಟ್ಟರು. ಮುಳಿಹುಲ್ಲು, ತೆಂಗಿನ ಗರಿಗಳ ಮಾಡಾದರೆ (ಛಾವಣಿಯಾದರೆ) ಬೇಸಿಗೆಯಲ್ಲಿ ಬೆಂಕಿಗೆ ಹೆದರಬೇಕು, ಮಳೆಗಾಲದ ಮೊದಲು ಹೊದಿಸಬೇಕು. ಗೇಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿಯ ಬದಿಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೂಡಿದರು. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಆ ಚಪ್ಪಟೆ ಹಂಚಿನ ಮೂಲ ಮಾದರಿ ಯುರೋಪಿನದು, ಜೇಡಿ ಮಣ್ಣು ನಮ್ಮ ನದಿಬಯಲಿನದು, ತುಳಿದು ಹದ ಮಾಡಿದ ಕಾಲುಗಳೂ ನಮ್ಮವೇ. ವರ್ಷಕ್ಕೆ 3,500 ಮಿಲಿಮೀಟರ್ ಆಚೀಚೆ ಮಳೆ ಸುರಿಯುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುವ ಊರಿನಲ್ಲಿ ಮಲಗಿ ಎದ್ದವನಿಗಲ್ಲದೆ ಮಾಡಿನ ಚಿಂತೆ ಇಷ್ಟು ಗಟ್ಟಿಯಾಗಿ ಹಿಡಿಯದು. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಛಾವಣಿಗೆ 1899ರಿಂದ 1901ರವರೆಗೆ ಚಿತ್ರ ಬರೆದ ಇಟಲಿಯ ಮೊಸ್ಕೇನಿಯ ಹೆಸರನ್ನೂ ಇಲ್ಲಿ ನೆನೆಯಬೇಕು. ಆದರೆ ಅವರ ವಿಷಯ ಬೇರೆಯೇ ಒಂದು ಸಂಜೆಯನ್ನು ಕೇಳುತ್ತದೆ.

ಇಷ್ಟೆಲ್ಲ ಹೇಳಲು ನನಗೆ ಪುಸ್ತಕಕ್ಕಿಂತ ಹೆಚ್ಚಾಗಿ ಪ್ರೇರಣೆಯಾದದ್ದು ನಮ್ಮ ಮನೆಯ ಉಪ್ಪರಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ತುಳು ಪಾಡ್ದನಗಳ ಅಭ್ಯಾಸಕ್ಕೆಂದು ಜರ್ಮನಿಯಿಂದ ಬಂದ ಸಂಶೋಧಕಿಯೊಬ್ಬರು ಜೆಪ್ಪುವಿನ ನಮ್ಮ ಮನೆಯಲ್ಲಿ ಮೇ ತಿಂಗಳಿಂದ ಮರುವರ್ಷದ ಫೆಬ್ರವರಿಯ ತನಕ ಬಾಡಿಗೆಗೆ ಇದ್ದರು. ಫಿನ್ಲೆಂಡಿನ ಲೌರಿ ಹೊಂಕೊ ಅವರು ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಸಿರಿ ಪಾಡ್ದನವನ್ನು ಪ್ರಕಟಿಸಿದ 1998ರ ಆಸುಪಾಸು ಅದು. ಪರದೇಶದ ವಿದ್ವಾಂಸರ ಕಣ್ಣು ತುಳುವಿನ ಮೇಲೆ ಬಿದ್ದಿದ್ದ ಕಾಲ.

ಅವರು ಬಂದ ಮೊದಲ ವಾರ ಬರೆದ ಪತ್ರವನ್ನು ನನಗೆ ಓದಿ ಹೇಳಿದ್ದರು. ತೆಂಗು, ಸೂರ್ಯಾಸ್ತ, ಮಲ್ಲಿಗೆ, ಎಲ್ಲವೂ ಇತ್ತು. ಜೂನ್ ಎರಡನೆಯ ವಾರಕ್ಕೆ ಪತ್ರ ನಿಂತು ಪಟ್ಟಿ ಶುರುವಾಯಿತು. ಅವರ ಚರ್ಮದ ಶೂಗಳಿಗೆ ಹಸಿರು ಬೂಸ್ಟು ಬಂತು. ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿದವು. ಅವರಿಗೆ ಜೀವದಂತಿದ್ದ ಧ್ವನಿಮುದ್ರಣದ ಕ್ಯಾಸೆಟ್ಟುಗಳಿಗೂ ತೇವ ಹಿಡಿಯತೊಡಗಿದಾಗ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನನ್ನ ತಾಯಿ ಅಕ್ಕಿ ತೊಳೆಯುತ್ತಿದ್ದವರು ತಲೆ ಎತ್ತಿ ನೋಡಿ, “ಬಟ್ಟೆಯಲ್ಲಿ ಕಟ್ಟಿ ಅಕ್ಕಿ ಡಬ್ಬಕ್ಕೆ ಹಾಕು ಮಗಾ, ಅಕ್ಕಿ ಎಳೆದುಕೊಳ್ಳುತ್ತದೆ” ಎಂದರು. ಆ ಮಳೆಗಾಲ ಪೂರ್ತಿ ಪಾಡ್ದನಗಳು ನಮ್ಮ ಮನೆಯ ಕುಚ್ಚಲಕ್ಕಿಯ ಡಬ್ಬದಲ್ಲಿದ್ದವು. ಗಂಜಿಗೆ ಅಕ್ಕಿ ಅಳೆಯುವಾಗ ಪಾವಿಗೆ ಕ್ಯಾಸೆಟ್ಟಿನ ಗಂಟು ಸಿಕ್ಕುತ್ತಿತ್ತು, ತಾಯಿ ಅದನ್ನು ಬದಿಗೆ ಸರಿಸಿ ಮತ್ತೆ ಹೂಳುತ್ತಿದ್ದರು.

ಅವರ ಪಟ್ಟಿಯ ಪುಸ್ತಕವನ್ನು ಒಮ್ಮೆ ನನಗೆ ತೋರಿಸಿದ್ದರು. ಅದರಲ್ಲಿ ಮೀನಿನ ಹೆಸರುಗಳ ಎದುರು ಬೆಲೆ, ಬೆಲೆಯ ಎದುರು ತಿಂಗಳು. ಬೂತಾಯಿ, ಬಂಗುಡೆ, ಕಾಣೆ, ಅಂಜಲ್, ಮರುವಾಯಿ. ಯಾಂತ್ರಿಕ ದೋಣಿಗಳು ದಡ ಹತ್ತುವ ಮಳೆಗಾಲದ ಎದುರು, “ಒಣಮೀನು, ಸಿಗಡಿ ಚಟ್ನಿ, ತಾಳ್ಮೆ” ಎಂದು ಬರೆದಿದ್ದರು. ಬಾಗಿಲಿಗೆ ಬರುತ್ತಿದ್ದ ಮೀನಿನ ಹೆಂಗಸು ಮೊದಮೊದಲು ಅವರಿಗೆ ಬೆಲೆ ಏರಿಸಿ ಹೇಳುತ್ತಿದ್ದುದು ನಿಜ. ಒಂದು ದಿನ ಇವರು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಂಗುಡೆಯ ಕಿವಿರು ಎತ್ತಿ ಒಳಗೆ ಕೆಂಪಿದೆಯೇ ಎಂದು ನೋಡಿದರು. ಆ ಹೆಂಗಸು ನಕ್ಕು, “ಅಕ್ಕನಿಗೆ ಇನ್ನು ಸುಳ್ಳು ಹೇಳಲಿಕ್ಕಿಲ್ಲ” ಎಂದು ಅಂದಿನಿಂದ ನಮಗೆ ಕೊಡುವ ಬೆಲೆಗೇ ಕೊಟ್ಟಳು.

ನಮ್ಮ ಊರಿನ ಕುಶಲ ಪ್ರಶ್ನೆಗಳು ಅವರನ್ನು ಬಹಳ ಕಾಡಿದವು. ದಾರಿಯಲ್ಲಿ ಸಿಕ್ಕವರೆಲ್ಲ “ಓಡೆಗ್?” ಎನ್ನುತ್ತಾರೆ, ಎಲ್ಲಿಗೆಂದು ಇವರಿಗೇಕೆ ಬೇಕು ಎಂದು ಮೊದಲು ಮುನಿಸಿಕೊಂಡರು. ಆಮೇಲೆ ಪ್ರಾಮಾಣಿಕವಾಗಿ ಅಂಚೆ ಕಚೇರಿ, ಅಲ್ಲಿಂದ ಬ್ಯಾಂಕು, ಅಲ್ಲಿಂದ ತರಕಾರಿ ಎಂದು ಉತ್ತರಿಸತೊಡಗಿದರು, ಕೇಳಿದವರು ಕಂಗಾಲಾಗುತ್ತಿದ್ದರು. “ವನಸ್ ಆಂಡಾ?” ಎಂದರೆ ಊಟಕ್ಕೆ ಏನೇನಿತ್ತೆಂದು ಹೇಳುತ್ತಿದ್ದರು. ಕೊನೆಗೊಂದು ದಿನ ಗೇಟಿನ ಬಳಿ ಯಾರೋ “ಓಡೆಗ್?” ಎಂದದ್ದಕ್ಕೆ ಇವರು ನಡೆಯುತ್ತಲೇ “ಮುಲ್ಪನೇ” ಎಂದು, ಅಂದರೆ ‘ಇಲ್ಲೇ’ ಎಂದು, ತಲೆಯಾಡಿಸಿ ಮುಂದೆ ಹೋದದ್ದನ್ನು ಜಗಲಿಯಿಂದ ಕೇಳಿದ ನನ್ನ ತಾಯಿ, ಇವಳಿಗೆ ತುಳು ಬಂತು ಎಂದು ತೀರ್ಮಾನಿಸಿದರು. ಅಂದು ಅವರು ಹೊರಟಿದ್ದುದು ಧರ್ಮಸ್ಥಳಕ್ಕೆ.

ಪದಪಟ್ಟಿಯಲ್ಲಿ ಒಂದು ನಮೂದು ಮಾತ್ರ ಇಂದಿಗೂ ನನಗೆ ನಗು ತರಿಸುತ್ತದೆ. ಸಿಟಿ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು “ರೈಟ್ ಪೋಯಿ” ಎಂದು ಕೂಗುವುದನ್ನು ದಿನವೂ ಕೇಳಿ, ‘ರ’ಕಾರದ ಅಡಿಯಲ್ಲಿ ಅವರು ‘ರೈಟ್’ ಎಂದು ಬರೆದು, ‘ಹೊರಡಲು ಅಪ್ಪಣೆ ಕೊಡುವ ತುಳು ಅವ್ಯಯ’ ಎಂದು ಅರ್ಥ ಹಾಕಿದ್ದರು. ಅದು ಇಂಗ್ಲಿಷ್ ಎಂದು ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ಆ ಅರ್ಥದಲ್ಲಿ ಆ ಪದ ಯಾವ ಇಂಗ್ಲಿಷರ ಬಾಯಲ್ಲಿದೆ?

ಅವರು ಊರಿಗೆ ಮರಳಿ ಎರಡು ವರ್ಷದ ಮೇಲೆ ತಾಯಿಯ ಹೆಸರಿಗೆ ಒಂದು ಪತ್ರ ಬಂತು. ಕನ್ನಡ ಲಿಪಿಯಲ್ಲಿ ಬರೆದ ತುಳು. ಅಕ್ಷರಗಳು ಮಕ್ಕಳ ಕಾಪಿಯ ಹಾಗೆ ದುಂಡಗಿದ್ದವು. ಕಡಲಿನ ಸುದ್ದಿ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಪರಿಚಯದವರೊಬ್ಬರು ಜರ್ಮನಿಗೆ ಬರಲಿದ್ದಾರೆ, ಅವರ ಕೈಯಲ್ಲಿ ಇಷ್ಟನ್ನು ಕಳುಹಿಸಬಹುದೇ ಎಂದು ಕೆಳಗೆ ಪಟ್ಟಿ ಇತ್ತು: ಕುಚ್ಚಲಕ್ಕಿ ಎರಡು ಸೇರು, ಜಾರಿಗೆ ಹುಳಿ, ಊರಿನ ಮೆಣಸು, ಮಿಡಿ ಉಪ್ಪಿನಕಾಯಿ, ಒಂದು ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ). ಹಿಡಿಸೂಡಿಯನ್ನು ವಿಮಾನದಲ್ಲಿ ಒಯ್ಯಲು ಬಿಡುತ್ತಾರೆಯೇ ಎಂದು ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಕಡೆಗೆ ಕಡ್ಡಿಗಳನ್ನು ಬಿಡಿಸಿ, ಅಕ್ಕಿಯ ಚೀಲದ ಮಗ್ಗುಲಿಗೆ ಕಟ್ಟಿ ಕಳುಹಿಸಿದೆವು.

ತಾಯಿ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಪತ್ರ ಸಿಕ್ಕಿತು. ಇವತ್ತು ತಂದಿದ್ದೇನೆ, ನೋಡಿ ಮುಂದಿನವರಿಗೆ ದಾಟಿಸಿ. ಮಡಿಕೆಯಲ್ಲಿ ಹರಿಯುವಂತಿದೆ, ಮೆಲ್ಲಗೆ ತೆರೆಯಿರಿ. ಹಿಂಬದಿಯ ಖಾಲಿ ಜಾಗದಲ್ಲಿ ನನ್ನ ತಾಯಿಯ ಕೈಬರಹವಿದೆ: ತೆಂಗಿನಕಾಯಿ 40, ಕಾಯಿ ತೆಗೆದವನಿಗೆ ಕೂಲಿ, ಸೀಮೆಎಣ್ಣೆ, ಒಡೆದ ಹಂಚು 6 ಬದಲಿಸಿದ್ದು, ಬಂಗುಡೆಯವಳಿಗೆ ಬಾಕಿ.